ಕರೆಂಟಿನ ಗಾಡಿಗೆ ಕೊಪ್ಪೆ

ಬ್ಯಾಟರಿಗೆ ನೀರು ನುಗ್ಗಬಹುದಿತ್ತು, ಬ್ರೇಕ್ ಜಾರಬಹುದಿತ್ತು, ಊರಿಗೇ ಹೊಸದಾದ ನನ್ನ ಎಲೆಕ್ಟ್ರಿಕ್ ಸ್ಕೂಟರ್ ಹೊನ್ನಾವರದ ಆಫೀಸು ಮುಟ್ಟುವ ಮೊದಲೇ ಸಾಯಬಹುದಿತ್ತು. ಇಷ್ಟೆಲ್ಲ ಯೋಚಿಸಿ ಚಾರ್ಜಿಂಗ್ ತೂತಿಗೆ ಟೇಪು ಸುತ್ತಿದ್ದ ನಾನೇ, ದಾರಿಯಲ್ಲಿ ಮಂಕಿ ಊರಿನ ಹತ್ತಿರ ಮಳೆ ಹೊಡೆದಾಗ ಗಾಡಿಯನ್ನು ರಸ್ತೆಯಲ್ಲಿ ಬಿಟ್ಟು ಬಸ್ ಸ್ಟಾಪಿನೊಳಗೆ ಓಡಿದೆ.

ಅಲ್ಲೇ ಮೀನು ಮಾರುತ್ತಿದ್ದ ದೇವಿಯಕ್ಕ, ಮಳೆಗೆಂದು ತಲೆಯಿಂದ ಬೆನ್ನಿನವರೆಗೆ ಹೊದ್ದಿದ್ದ ಪ್ಲಾಸ್ಟಿಕ್ ಕೊಪ್ಪೆ ತೆಗೆದು ಸ್ಕೂಟರಿಗೆ ಹೊದಿಸಿದಳು.

“ಅಕ್ಕಾ, ನೀನು ನೆನೀತೀಯಲ್ಲೇ!”

“ನಂಗೆಂತ ಆತದೆ ತಮ್ಮಾ? ಇದು ಕರೆಂಟಿನ ಗಾಡಿ ಅಲ್ದಾ, ಒದ್ದೆ ಆದ್ರೆ ನಿಂಗೆ ಶಾಕ್ ಹೊಡೀತದೆ!”

ಮಳೆ ನಿಂತ ಮೇಲೆ ಸ್ಕೂಟರ್ ಸದ್ದಿಲ್ಲದೆ ಹೊರಟಿತು. ಆದ ಅನಾಹುತ ಒಂದೇ: ಕೊಪ್ಪೆಯಿಂದ ಸೀಟಿಗೆ ಬಂಗಡೆ ಮೀನಿನ ವಾಸನೆ ಹತ್ತಿತ್ತು. ದಿನಾ ಎರಡು ಸಲ ಗಾಡಿ ಒರೆಸುವ ನಾನು ಆ ಸೀಟನ್ನು ಮಾತ್ರ ವಾರವಿಡೀ ಒರೆಸಲಿಲ್ಲ.