ಅಕ್ಕನ ಕುರ್ಚಿಯಲ್ಲಿ ಅವನು ಕೂತ ದಿನ

ನಿನ್ನ ಕೆಲಸ ಏನು ಎಂದು ನಮ್ಮೂರು ಮಂಜಗುಣಿಯಲ್ಲಿ ಯಾರಾದರೂ ಕೇಳಿದರೆ, ಬೇರೆಯವರು ಕಂಪ್ಯೂಟರ್ ಮುಂದೆ ಒದ್ದಾಡುವುದನ್ನು ನೋಡುವುದು ಎನ್ನುತ್ತೇನೆ. ಸಾಫ್ಟ್‌ವೇರ್ ಬಳಸುವವರು ಎಲ್ಲಿ ತಡವರಿಸುತ್ತಾರೆ, ಏಕೆ ತಡವರಿಸುತ್ತಾರೆ ಎಂದು ಪಕ್ಕದಲ್ಲಿ ಕೂತು ಗಮನಿಸುವ ಸಂಶೋಧನೆ ನನ್ನದು. ಎದುರಿನವರು ಎಷ್ಟೇ ಪರದಾಡಲಿ, ನೋಡುವವರು ಬಾಯಿ ಬಿಡಬಾರದು. ಈ ನಿಯಮ ಪಾಲಿಸುವುದು ನನಗೆ ಯಾವತ್ತೂ ಹಿಂಸೆಯೇ, ಒಂದೇ ಒಂದು ದಿನ ಬಿಟ್ಟು.

ಅಕ್ಕ ಅಂಕೋಲಾ ಕಡೆ, ಮೀನಿನ ದೋಣಿಗಳು ಬಂದು ನಿಲ್ಲುವ ಒಂದು ಧಕ್ಕೆಯಲ್ಲಿ ಮೀನುಗಾರರ ಸೊಸೈಟಿಯ ಕೌಂಟರಿನಲ್ಲಿ ಕೂರುತ್ತಿದ್ದಳು. ದೋಣಿ ಬಂದು ಹರಾಜಾದ ಮೀನಿಗೆ ಚೀಟಿ ಕೊಡುವುದು ಅವಳ ಕೆಲಸ. ಕಾರವಾರದವನೊಬ್ಬ ಅದಕ್ಕೊಂದು ಸಾಫ್ಟ್‌ವೇರ್ ಮಾಡಿಕೊಟ್ಟ. ಅದು ಕಿಲೋ ಎಷ್ಟು ಎಂದು ಕೇಳುತ್ತಿತ್ತು. ಆ ಧಕ್ಕೆಯಲ್ಲಿ ಬಂಗಡೆಯನ್ನು ಯಾರೂ ತೂಗುವುದಿಲ್ಲ. ಬುಟ್ಟಿ ನೋಡಿ ಸವಾಲು ಕೂಗುತ್ತಾರೆ, ಬುಟ್ಟಿಯನ್ನೇ ಎತ್ತಿಕೊಂಡು ಹೋಗುತ್ತಾರೆ. ಕಿಲೋ ಬರೆಯದೆ ಮುಂದೆ ಹೋದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತಿತ್ತು. ಅಕ್ಕ ಮತ್ತೆ ತುಂಬುವಳು, ಅದು ಮತ್ತೆ ಅಳಿಸುವುದು. ಸಾಲು ಬೆಳೆಯಿತು, ದೂರು ಹೋಯಿತು. ಅವನು ಬಂದು ಎಲ್ಲರೆದುರು, “ಸಾಫ್ಟ್‌ವೇರ್ ಸರಿ ಇದೆ, ಕೂತವರಿಗೆ ತಲೆ ಬೇಕು” ಅಂದ. ಸೊಸೈಟಿಯವರು ಅಕ್ಕನನ್ನು ಐಸ್ ಕೋಣೆಯ ಕೆಲಸಕ್ಕೆ ಹಾಕಿದರು.

ಅಕ್ಕ ಅಳಲಿಲ್ಲ. ಕೌಂಟರಿನ ಮಾತನ್ನೇ ಮನೆಯಲ್ಲಿ ಎತ್ತಲಿಲ್ಲ. ತಡೆಯಲಾರದೆ ಹೋದದ್ದು ನಾನು. ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸದೆ ಬಿಡುವುದಿಲ್ಲ ಎಂದುಕೊಂಡೆ.

ಅಕ್ಕನ ಜಾಗಕ್ಕೆ ಬಂದವನೂ ಸೋತಾಗ, ಸಾಫ್ಟ್‌ವೇರನ್ನು ಒಮ್ಮೆ ಪರೀಕ್ಷಿಸಿ ಕೊಡು ಎಂದು ಸೊಸೈಟಿಯವರು ನನ್ನನ್ನೇ ಕೇಳಿದರು. ದೋಣಿ ಬರುವ ಹೊತ್ತಿಗೆ, ನಿಮ್ಮೆಲ್ಲರ ಮುಂದೆ, ಮಾಡಿದವನೇ ಕೌಂಟರಿನಲ್ಲಿ ಕೂರಬೇಕು ಎಂದೆ. ಅವನು ಇಸ್ತ್ರಿ ಶರ್ಟು ಹಾಕಿಕೊಂಡು ನಗುತ್ತಲೇ ಬಂದು ಕೂತ.

ಬುಟ್ಟಿಗಳು ಬಂದವು. ಕಿಲೋ ಬಿಟ್ಟು ಮುಂದೆ ಹೋದ, ಎಲ್ಲ ಅಳಿಸಿತು. ಮತ್ತೆ ತುಂಬಿದ, ಮತ್ತೆ ಅಳಿಸಿತು. ಕೊನೆಗೆ ಅಂದಾಜಿಗೆ ಏನೋ ಬರೆದು ಚೀಟಿ ಕೊಟ್ಟರೆ, ತೂಗದ ಮೀನಿಗೆ ಇದೆಲ್ಲಿಯ ಕಿಲೋ ಎಂದು ಮೀನು ಮಾರುವ ಹೆಂಗಸೊಬ್ಬಳು ಚೀಟಿಯನ್ನು ಅವನ ಮುಂದೆಯೇ ಇಟ್ಟಳು. ಹಿಂದೆ ನಿಂತವರು ಕೊಂಕಣಿಯಲ್ಲಿ ಬಯ್ಯತೊಡಗಿದರು. ಅವನು ಬೆವರುತ್ತ ನನ್ನ ಕಡೆ ತಿರುಗಿ, “ಮೇಡಂ, ಇಲ್ಲೇನು ಮಾಡೂದು?” ಅಂದ. ನಾನು ಬಾಯಿ ಬಿಡಲಿಲ್ಲ. ಸುಮ್ಮನಿರುವುದು ಇಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಐಸ್ ಕೋಣೆಯ ಬಾಗಿಲಿಗೆ ಬಂದ ಅಕ್ಕ ಮೆಲ್ಲಗೆ, “ಸಾಕು, ಬಿಡೇ. ಮೀನು ಹಾಳಾಗ್ತದೆ” ಅಂದಳು. ನಾನು ಬಿಡಲಿಲ್ಲ. ತಪ್ಪು ಯಾರದು ಎಂದು ಸೊಸೈಟಿಯ ಅಧ್ಯಕ್ಷರು ಕೇಳಿದರು. ನಾನು ಅವನ ಕಡೆ ತಿರುಗಿದೆ.

“ವರದೀಲಿ ಏನಂತ ಬರೀಲಿ? ಕೂತವರಿಗೆ ತಲೆ ಇಲ್ಲ ಅಂತ ಬರೀಲಾ?”

ಅವನು ನೆಲ ನೋಡುತ್ತ, ಸಾಫ್ಟ್‌ವೇರೇ ಸರಿ ಇಲ್ಲ ಎಂದು ಗೊಣಗಿದ.

“ನನಗಲ್ಲ, ಅವಳಿಗೆ ಹೇಳಿ.”

ಅವನು ಅಕ್ಕನ ಕಡೆ ತಿರುಗಿ, ಸಾಲಿನವರಿಗೆಲ್ಲ ಕೇಳುವಂತೆ ಅದನ್ನೇ ಇನ್ನೊಮ್ಮೆ ಹೇಳಿದ. ಅಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು.

“ಏಳಿ. ಅದು ನನ್ನ ಕುರ್ಚಿ.”

ಅವನು ಎದ್ದ.