ಅಳತೆ ಅಕ್ಕನ ನಾಲ್ಕನೇ ನಂಬರಿನ ಫೋನು

ಬೆಳಗಿನ ಐದೂ ಕಾಲು. ರೈಲು ನಿಲ್ದಾಣದ ಅಡಿಯಲ್ಲಿ ಹಾದುಹೋಗುವ ಸುರಂಗದಾರಿಯಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ, ಇನ್ನೊಂದು ಉರಿಯಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದೆ. ಮೊಬೈಲ್ ಕಂಪನಿಯ ಅಂಗಡಿಯ ಷಟರ್ ಅರ್ಧ ಎತ್ತಿದೆ. ಒಳಗೆ ಐವತ್ತೊಂದು ವರ್ಷದ ಹೆಂಗಸೊಬ್ಬರು ಒದ್ದೆ ಬಟ್ಟೆಯಲ್ಲಿ ಆರು ಫೋನುಗಳನ್ನು ಒಂದೊಂದಾಗಿ ಒರೆಸಿ ಮೇಜಿನ ಮೇಲೆ ಸಾಲಾಗಿ ಮಲಗಿಸುತ್ತಿದ್ದಾರೆ. ಆರರ ಮೇಲೂ ಒಂದೇ ಹೊತ್ತು: ಹತ್ತು ಗಂಟೆ ಎಂಟು ನಿಮಿಷ. ಆರರಲ್ಲೂ ಬ್ಯಾಟರಿ ಭರ್ತಿ, ಸಿಗ್ನಲ್ ಭರ್ತಿ. ಒಂದೂ ಬೆಳಗುವುದಿಲ್ಲ. ಇವು ಗಾಜಿನ ಕಪಾಟಿನಲ್ಲಿ ಅಂದಕ್ಕೆ ಇಡುವ ಡಮ್ಮಿ ಫೋನುಗಳು. ತೂಕ ಬರಲೆಂದು ಒಳಗೊಂದು ಕಬ್ಬಿಣದ ತಗಡು, ಮುಖಕ್ಕೊಂದು ಅಚ್ಚು ಹಾಕಿದ ಸ್ಟಿಕ್ಕರ್, ಅಷ್ಟೆ.

ಗೋಡೆಯ ಗಡಿಯಾರ ಐದು ನಲವತ್ತಕ್ಕೆ ಬಂದಾಗ ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಡುತ್ತಾರೆ. ಕೆಳಗಿನ ಡ್ರಾಯರಿನ ಬೀಗ ತೆಗೆದು ಏಳನೆಯ ಫೋನೊಂದನ್ನು ಹೊರತೆಗೆಯುತ್ತಾರೆ. ಬೆನ್ನಿಗೆ ಬಿಳಿ ಬಣ್ಣದಲ್ಲಿ ನಾಲ್ಕು ಎಂದು ಬರೆದಿದೆ. ಅದನ್ನು ಮೇಜಿನ ಮೇಲಿಟ್ಟು, ಎಡ ಅಂಗೈಯನ್ನು ಅದರ ಮೇಲೆ ಊರಿ, ಸುಮ್ಮನೆ ಕೂರುತ್ತಾರೆ. ಒಂದೆರಡು ನಿಮಿಷವಲ್ಲ, ಪೂರಾ ನಲವತ್ತು ನಿಮಿಷ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಎರಡು ಸಲ ಕೆಮ್ಮುತ್ತೇನೆ. ಅವರು ತಿರುಗಿಯೂ ನೋಡುವುದಿಲ್ಲ. ಆರು ಇಪ್ಪತ್ತಕ್ಕೆ ಅದನ್ನು ಮತ್ತೆ ಡ್ರಾಯರಿಗೆ ಸೇರಿಸಿ ಬೀಗ ಹಾಕಿ, ಏನೂ ಆಗಿಲ್ಲವೆಂಬಂತೆ, ಕಾಫಿ ಕುಡಿದಿರಾ ಎಂದು ಕೇಳುತ್ತಾರೆ.

ಸುತ್ತಲಿನವರೆಲ್ಲ ಇವರನ್ನು ಕರೆಯುವುದು ಅಳತೆ ಅಕ್ಕ ಎಂದು. ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸದಲ್ಲಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಡಿಗೆ ಕಸ ಗುಡಿಸಲು ಬಂದರು. ಗುಡಿಸುತ್ತಾ ಗುಡಿಸುತ್ತಾ ಕಂಡದ್ದು ಇಷ್ಟು: ಕೊಂಡ ಫೋನನ್ನು ವಾರದೊಳಗೆ ವಾಪಸು ತರುವವರೇ ಹೆಚ್ಚು. ಬ್ಯಾಟರಿ ಸಾಲದೆಂದು ಬಂದವನಿಗೆ ಮೂರು ಕಣ್ಣಿನ ಕ್ಯಾಮೆರಾ ಕೊಟ್ಟು ಕಳಿಸುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಒಂದು ದಿನ ತಡೆಯಲಾರದೆ ಮ್ಯಾನೇಜರಿಗೆ ಹೇಳಿಯೇಬಿಟ್ಟರು: “ಅಳತೆ ತಗೊಳ್ದೆ ಅಂಗಿ ಹೊಲಿದ್ರೆ ಹೀಗೇ ಆಗೋದು.”

ಅವರ ಅಳತೆಯ ಕ್ರಮ ಸರಳ. ಫೋನು ಬೇಕೆಂದು ಬಂದವರ ಕೈಗೆ ಒಂದು ಡಮ್ಮಿ, ಒಂದು ಚೀಟಿ, ಒಂದು ಮೋಟು ಪೆನ್ಸಿಲ್. ಮೂರು ದಿನ ಡಮ್ಮಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಬೇಕು. ಕೈ ತಾನಾಗಿ ಅದರತ್ತ ಹೋದಾಗಲೆಲ್ಲ ಹೊತ್ತು ಎಷ್ಟು, ಯಾತಕ್ಕೆ ಹೋಯಿತು ಎಂದು ಬರೆಯಬೇಕು. ಚೀಟಿ ನೋಡಿ ಅಕ್ಕ ಹ್ಯಾಂಡ್‌ಸೆಟ್ಟೂ ಪ್ಲಾನೂ ಗೊತ್ತುಮಾಡುತ್ತಾರೆ. ಬಾಯಿ ಹೇಳುವ ಅಗತ್ಯ ಬೇರೆ, ಕೈ ಹೇಳುವ ಅಗತ್ಯ ಬೇರೆ ಎಂಬುದು ಅವರ ಮಾತು. ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಯಲ್ಲೇ ಅತಿ ದುಬಾರಿ ಫೋನು ಬೇಕೆಂದು ಹಟ ಹಿಡಿದರಂತೆ. ಮೂರು ದಿನದ ಚೀಟಿಯಲ್ಲಿ ಮೂವತ್ತೊಂದು ಸಲ ‘ಗಂಟೆ ನೋಡಲು’ ಎಂದಿತ್ತು. ಕೈಗಡಿಯಾರ ಕೊಂಡುಕೊಳ್ಳಿ ಮೇಷ್ಟ್ರೇ ಎಂದು ಅಕ್ಕ ಬರಿಗೈಯಲ್ಲಿ ಕಳಿಸಿದರು. ಮ್ಯಾನೇಜರ್ ಅಂದು ಊಟ ಮಾಡಲಿಲ್ಲವಂತೆ. ಕ್ಯಾಮೆರಾ ಕ್ಯಾಮೆರಾ ಎಂದು ಕುಣಿಯುತ್ತಿದ್ದ ಕಾಲೇಜು ಹುಡುಗಿಯ ಚೀಟಿಯಲ್ಲಿ ಹತ್ತೊಂಬತ್ತು ಸಲ ‘ಅಮ್ಮ ಫೋನ್ ಮಾಡಿದಳಾ ಅಂತ’. ಅವಳಿಗೆ ಸಿಕ್ಕಿದ್ದು ಸಾದಾ ಸೆಟ್ಟು, ಎಷ್ಟು ಹೊತ್ತು ಮಾತಾಡಿದರೂ ಮುಗಿಯದ ಪ್ಲಾನು.

ಹನ್ನೊಂದು ವರ್ಷದಿಂದ ಇದು ನಡೆದಿದೆ. ದಿನಕ್ಕೆ ಹದಿನೈದು ಹದಿನಾರು ಜನ ಬರುತ್ತಾರೆ, ಮೂರು ದಿನ ಕಾಯುವ ತಾಳ್ಮೆ ಇರುವವರು ಅವರಲ್ಲಿ ಒಬ್ಬರೋ ಇಬ್ಬರೋ. ಬೂಟಿನ ಪೆಟ್ಟಿಗೆಗಳಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಚೀಟಿಗಳಿವೆ. ಅಳತೆ ಕೊಟ್ಟು ಕೊಂಡವರು ವಾಪಸು ತರುವುದಿಲ್ಲವಾದ್ದರಿಂದ ಮ್ಯಾನೇಜರೂ ಈಗ ತೆಪ್ಪಗಿದ್ದಾರೆ. ಅಕ್ಕ ಇರುವುದು ತಂಗಿಯ ಸಂಸಾರದ ಜೊತೆ, ಎರಡು ಕೋಣೆಯ ಮನೆಯಲ್ಲಿ. ದೊಡ್ಡಮ್ಮನ ಫೋನಿಗೆ ಕರೆ ಮಾಡಿದರೆ ಎತ್ತುವುದೇ ಇಲ್ಲ ಎಂಬುದು ತಂಗಿಯ ಮಕ್ಕಳ ದೂರು. “ಊರಿಗೆಲ್ಲ ಅಳೆದು ಕೊಡ್ತಾಳೆ, ತನ್ನದು ಮಾತ್ರ ಹಿಟ್ಟಿನ ಡಬ್ಬದ ಹಿಂದೆ ಬಿದ್ದಿರುತ್ತೆ” ಎಂದು ತಂಗಿ ನಗುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ನಿಮ್ಮ ಭಾನುವಾರದ ಕಾಫಿಗೆ ಒಗ್ಗುವ ಬರಹವಾಗುತ್ತಿತ್ತು. ಆದರೆ ಎರಡನೆಯ ದಿನ, ಸುಮ್ಮನಿರಲಾರದೆ, ನಾನು ನಾಲ್ಕನೇ ನಂಬರಿನ ಚೀಟಿಗಳನ್ನು ಕೇಳುತ್ತೇನೆ. ಅಕ್ಕ ಒಂದು ಕಟ್ಟು ತಂದಿಡುತ್ತಾರೆ. ಇವು ಆರು ವರ್ಷದ ಈಚಿನವು, ಒಟ್ಟು ಹದಿನೇಳು. ಬರೆದವರು ಬ್ರೆಡ್ ಹಂಚುವಾಕೆ, ಟಿಕೆಟ್ ತಪಾಸಣೆಯವರು, ದಂತವೈದ್ಯರೊಬ್ಬರು. ಒಬ್ಬರಿಗೊಬ್ಬರು ಮುಖ ಪರಿಚಯವಿಲ್ಲದವರು. ಹದಿನೇಳರಲ್ಲೂ ಮೂರನೆಯ ದಿನ, ಬೆಳಗಿನ ಐದು ನಲವತ್ತರ ಆಸುಪಾಸಿನಲ್ಲಿ, ಒಂದೇ ಸಾಲು. ‘ಎಡಗೈಯಲ್ಲಿ ಒತ್ತುವ ಹಾಗಿರಬೇಕು.’ ನೀವು ಎಡಚರಾ ಎಂದು ಅಕ್ಕ ಪ್ರತಿಯೊಬ್ಬರನ್ನೂ ಕೇಳಿದ್ದಾರೆ. ಒಬ್ಬರೂ ಅಲ್ಲ. ನಿದ್ದೆಯಿಂದ ಎದ್ದು ಬರೆದೆ, ಯಾಕೆಂದು ತಿಳಿಯದು ಎಂದೇ ಎಲ್ಲರೂ ಹೇಳಿದ್ದು.

ನಾನು ದೆವ್ವ ಭೂತ ನಂಬುವವನಲ್ಲ. ಸ್ಕ್ರೂಡ್ರೈವರ್ ಕೇಳಿ ಪಡೆದು ನಾಲ್ಕನೇ ನಂಬರನ್ನು ಅಲ್ಲೇ ಬಿಚ್ಚುತ್ತೇನೆ. ಒಳಗೆ ತಗಡು, ತಗಡಿನ ಮೇಲೆ ತುಸು ತುಕ್ಕು, ಬೇರೇನೂ ಇಲ್ಲ. ಮತ್ತೆ ಮುಚ್ಚಿ ಕೊಡುತ್ತೇನೆ. ಆ ಬೆಳಿಗ್ಗೆ ಮಾಡಿಕೊಂಡ ಟಿಪ್ಪಣಿಯನ್ನು ಈಗ ನೋಡಿದರೆ ಅಕ್ಷರಗಳೆಲ್ಲ ಎಡಕ್ಕೆ ವಾಲಿವೆ. ಚಳಿಗೆ ಹಾಗಾಗಿದ್ದೀತು.

ಷಟರ್ ಪೂರ್ತಿ ಎತ್ತುವ ಮೊದಲು ಅಕ್ಕ ತಾವಾಗಿಯೇ ಬಾಯಿ ಬಿಡುತ್ತಾರೆ. ಆರು ವರ್ಷದ ಹಿಂದೆ ಒಬ್ಬ ಲಿಫ್ಟ್ ಮೆಕ್ಯಾನಿಕ್ ಬಂದಿದ್ದರು. ಅವರ ಫೋನಿನ ಕಿವಿಯ ಸ್ಪೀಕರ್ ಸತ್ತಿತ್ತು, ಒಡೆದ ಬೆನ್ನಿಗೆ ಹಸಿರು ಟೇಪ್ ಸುತ್ತಿತ್ತು. ಅಕ್ಕ ನಾಲ್ಕನೇ ನಂಬರನ್ನು ಕೊಟ್ಟರು. ಆಗ ಅಳತೆಗೆ ಒಂದು ನಿಯಮವಿತ್ತು: ಹಳೆಯ ಫೋನನ್ನು ಮೂರು ದಿನ ಮನೆಯಲ್ಲೇ ಬಿಟ್ಟು ಬರಬೇಕು. “ಹಳೇದು ಜೇಬಲ್ಲಿದ್ರೆ ಕೈ ಸುಳ್ಳು ಹೇಳುತ್ತೆ ಅಂತ ನಾನೇ ಹೇಳ್ತಿದ್ದೆ. ಎಂಥಾ ಜಾಣತನ ನೋಡಿ ನಂದು” ಎನ್ನುತ್ತಾರೆ ಅಕ್ಕ.

ಮೂರನೆಯ ದಿನ ಬೆಳಿಗ್ಗೆ ಆತ ಇನ್ನೂ ಯಾರೂ ಬಾರದ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿದಿದ್ದರು. ಲಿಫ್ಟು ಜಾರಿತು. ಬಲಗೈ, ಬಲಭಾಗವೆಲ್ಲ ಸಿಕ್ಕಿಕೊಂಡಿತು; ಬಿಡುವಾಗಿ ಉಳಿದದ್ದು ಕೈಗಡಿಯಾರ ಕಟ್ಟಿದ್ದ ಎಡಗೈ ಮಾತ್ರ. ಎಂಟು ಗಂಟೆಗೆ ಜನ ಬಂದು ನೋಡುವಾಗ ಉಸಿರಿರಲಿಲ್ಲ. ಕೂಡಲೇ ಪ್ರಾಣ ಹೋಗಿದೆ ಎಂದು ಮನೆಯವರಿಗೆ ಹೇಳಿದರು. ಕೈಯಲ್ಲಿದ್ದ ಡಮ್ಮಿ ಅಂಗಡಿಯ ಸ್ವತ್ತೆಂದು ಲಕೋಟೆಯಲ್ಲಿ ಹಾಕಿ ಇಲ್ಲಿಗೆ ಕಳಿಸಿಕೊಟ್ಟರು. ಅಲ್ಲಿ ಎತ್ತಿಕೊಂಡವರು ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿಟ್ಟ ಚೀಟಿಯನ್ನು ಯಾರೂ ಬಿಡಿಸಿ ಓದಿರಲಿಲ್ಲ. ಬಿಡಿಸಿದವರು ಅಕ್ಕ.

ಚೀಟಿಯನ್ನು ನನಗೂ ತೋರಿಸುತ್ತಾರೆ. ಮೊದಲೆರಡು ದಿನ ದುಂಡಗಿನ ಬರಹ: ಟಾರ್ಚಿಗೆ, ಪಾರ್ಟ್ ನಂಬರಿನ ಫೋಟೋಕ್ಕೆ, ಊಟದ ಡಬ್ಬಿ ಮರೆತಿದ್ದಕ್ಕೆ. ಮೂರನೆಯ ದಿನದ ಸಾಲುಗಳು ಬೇರೊಬ್ಬರು ಬರೆದ ಹಾಗಿವೆ, ಸೊಟ್ಟ, ದೊಡ್ಡ ದೊಡ್ಡ ಅಕ್ಷರ. ‘೫:೪೦ ಅವಳಿಗೆ ಫೋನ್ ಮಾಡಲು. ಎಡಗೈಯಲ್ಲಿ ಒತ್ತುವ ಹಾಗಿರಬೇಕು. ೫:೫೫ ಅವಳಿಗೆ. ೬:೦೫ ಅವಳಿಗೆ. ೬:೨೦ ಬೆಳಕು.’ ಆಮೇಲೆ ಪೆನ್ಸಿಲಿನ ಒಂದು ಗೆರೆ ಕಾಗದದ ಅಂಚಿನವರೆಗೂ ಹೋಗಿದೆ. ಕೈಯಲ್ಲಿದ್ದ ಫೋನಿನ ಮುಖದ ಮೇಲೆ ಆ ನಲವತ್ತು ನಿಮಿಷವೂ ಸಿಗ್ನಲ್ ಭರ್ತಿ ಇತ್ತು. ಅಚ್ಚು ಹಾಕಿದ ಸಿಗ್ನಲ್.

ಅಂದಿನಿಂದ ಪ್ರತಿ ಡಮ್ಮಿಯ ಜೊತೆ ಚಾರ್ಜು ಮಾಡಿದ ಪುಟ್ಟ ಬಟನ್ ಫೋನೊಂದನ್ನು ಕಟ್ಟಿಯೇ ಕೊಡುತ್ತಾರೆ. ಅದಿಲ್ಲದೆ ಅಂಗಡಿಯ ಮೆಟ್ಟಿಲು ಇಳಿಯಲು ಬಿಡುವುದಿಲ್ಲ. ನಾಲ್ಕನೇ ನಂಬರನ್ನು ಅದು ಮರಳಿ ಬಂದ ದಿನವೇ ಡ್ರಾಯರಿನ ತಳಕ್ಕೆ ಹಾಕಿದ್ದರು. ಅವರ ರಜೆಯ ದಿನ ಬೇರೆ ಯಾರೋ ತಿಳಿಯದೆ ಕೊಟ್ಟರು, ಎಡಗೈಯ ಸಾಲು ಬಂತು. ಆಮೇಲಿನ ಹದಿನಾರು ಸಲ ಕೊಟ್ಟದ್ದು ತಾವೇ ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. ಇನ್ನೊಂದು ಸಲವಾದರೂ ಆ ಸಾಲು ಬಾರದಿರಲಿ ಎಂಬ ಆಸೆಯಿಂದ ಕೊಟ್ಟರಂತೆ. ಬರುತ್ತಲೇ ಇತ್ತು. ಕಡೆಗೆ ಬೀಗ ಹಾಕಿದರು. ಆ ಮೆಕ್ಯಾನಿಕ್ಕಿನ ಹೆಂಡತಿಗೆ ವಿಷಯ ಹೇಳಬೇಕೆಂದು ಎರಡು ಸಲ ಅವರ ಬೀದಿಯ ತಿರುವಿನವರೆಗೂ ಹೋಗಿ ಬಂದರು. ಕಾಲು ಮುಂದಕ್ಕೆ ಬರಲಿಲ್ಲ.

ಮರುದಿನ, ಬುಧವಾರ, ಆರೂ ಕಾಲಿಗೆ ಅರ್ಧ ಷಟರಿನ ಕೆಳಗೆ ಬಗ್ಗಿ ಹೆಂಗಸೊಬ್ಬರು ಒಳಗೆ ಬರುತ್ತಾರೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರು, ಬೆರಳೆಲ್ಲ ನೀರಿಗೆ ಸುಕ್ಕುಗಟ್ಟಿವೆ. ಅಳತೆ ಕೊಟ್ಟು ಫೋನು ತೆಗೆದುಕೊಳ್ಳಬೇಕು, ಈ ಹಳೆಯದು ಇನ್ನು ಬಾಳುವುದಿಲ್ಲ ಎಂದು ಮೇಜಿನ ಮೇಲೊಂದು ಫೋನು ಇಡುತ್ತಾರೆ. ಬೆನ್ನಿಗೆ ಹಸಿರು ಟೇಪು.

“ಇದು ನಮ್ಮ ಯಜಮಾನರದು. ತೀರಿಹೋದ ದಿನ ಮನೇಲೇ ಮರೆತು ಹೋಗಿದ್ರು” ಎನ್ನುತ್ತಾರೆ ಆಕೆ. ಕೇಳದಿದ್ದರೂ ಹೇಳುತ್ತಾರೆ, ಬಹಳ ಜನರಿಗೆ ಹೇಳಿ ಹೇಳಿ ಸವೆದ ಮಾತಿನ ಹಾಗೆ. ಆವತ್ತು ಮನೆಯ ಡ್ರಾಯರಿನಲ್ಲಿ ಫೋನು ಕಂಡಿತ್ತು. ಗಂಡ ಇನ್ನೂ ಬಸ್ ಸ್ಟಾಪಿನಲ್ಲೇ ಇದ್ದರು, ಕಿಟಕಿಯಿಂದ ಕಾಣುತ್ತಿತ್ತು. ಓಡಿಹೋಗಿ ಕೊಡಬಹುದಿತ್ತು. ಒಂದು ದಿನ ಫೋನಿಲ್ಲದಿದ್ದರೆ ಏನಾಗುತ್ತದೆಂದು ಸೋಮಾರಿತನ ಮಾಡಿದೆ ಎನ್ನುತ್ತಾರೆ.

ಅಕ್ಕನ ಎಡಗೈ ಇನ್ನೂ ನಾಲ್ಕನೇ ನಂಬರಿನ ಮೇಲೆಯೇ ಇದೆ. ಆಕೆ ಸಾಲಿನಲ್ಲಿದ್ದ ಆರನ್ನೂ ಬಿಟ್ಟು ಅದನ್ನೇ ಅಕ್ಕನ ಕೈಯಡಿಯಿಂದ ಮೆಲ್ಲಗೆ ಎಳೆದುಕೊಂಡು, ಇದೇ ಇರಲಿ, ಕೈಗೆ ಚೆನ್ನಾಗಿ ಕೂರುತ್ತದೆ ಎನ್ನುತ್ತಾರೆ. ಅಕ್ಕ ಅದಕ್ಕೆ ಬಟನ್ ಫೋನು ಕಟ್ಟಿ ಕೊಡುತ್ತಾರೆ. ಆಕೆ ಹೋದ ಮೇಲೆ ನಾನು, ಈಗಲೇ ಹೇಳಿಬಿಡಬಹುದಿತ್ತಲ್ಲ ಎನ್ನುತ್ತೇನೆ. ದಡದಲ್ಲಿ ನಿಂತು ಈಜು ಹೇಳಿಕೊಡುವುದು ಸುಲಭ ಎಂದು ನನಗೇ ಆಮೇಲೆ ಅನ್ನಿಸುತ್ತದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಆಕೆ ಚೀಟಿ ತರುತ್ತಾರೆ. ಮೊದಲೆರಡು ದಿನದ್ದು ಮಾಮೂಲು: ಮಗಳು ಶಾಲೆಗೆ ಎದ್ದಳಾ ಎಂದು, ಯಂತ್ರದ ಸದ್ದಿನಲ್ಲಿ ಫೋನು ಕೇಳಿಸಲಿಲ್ಲವೇನೋ ಎಂದು. ಮೂರನೆಯ ದಿನದ ಕೊನೆಯ ಸಾಲನ್ನು ಅಕ್ಕ ಓದುತ್ತಾರೆ, ಮತ್ತೆ ಓದಿ ನನ್ನತ್ತ ತಳ್ಳುತ್ತಾರೆ. ‘೫:೪೦ ಹಾಸಿಗೆ ಬಟ್ಟೆ ಮಡಿಸುತ್ತಿದ್ದೆ. ಎಡಗೈಯಲ್ಲಿ ಎತ್ತಿ ಕಿವಿಗೆ ಇಟ್ಟೆ. ಫೋನ್ ಮಾಡಲು ಅಲ್ಲ, ಎತ್ತಲು. ಯಾರೋ ಉಸಿರಾಡುತ್ತಿದ್ದರು. ಆರು ಇಪ್ಪತ್ತರ ತನಕ ಇಡಲಿಲ್ಲ.’

ಮೇಲೆ ರೈಲೊಂದು ಹಾದುಹೋಗಿ ಗಾಜಿನ ಕಪಾಟು ಗಡಗಡ ಎನ್ನುತ್ತದೆ. ಅದು ನಿಲ್ಲುವವರೆಗೂ ಕಾದು ಅಕ್ಕ ಡ್ರಾಯರಿನಿಂದ ಗಂಡನ ಚೀಟಿಯನ್ನು ತೆಗೆದು ಹೆಂಡತಿಯ ಮುಂದಿಡುತ್ತಾರೆ. ನಾನಾಗಿದ್ದರೆ ಕೊನೆಯ ನಾಲ್ಕು ಸಾಲು ಹರಿದು ಹಾಕಿ ಕೊಡುತ್ತಿದ್ದೆನೇನೋ. ಅಕ್ಕ ಇಡಿಯಾಗಿಯೇ ಕೊಡುತ್ತಾರೆ.

“ಅವರು ಮರೆತಿರ್ಲಿಲ್ಲ ಕಣಮ್ಮ. ಬಿಟ್ಟು ಹೋಗಿ ಅಂತ ನಾನು ಹೇಳಿದ್ದೆ. ನೀವು ಓಡಿಹೋಗಿ ಕೊಟ್ಟಿದ್ರೂ ಅವರು ತಗೊಳ್ತಿರ್ಲಿಲ್ಲ.”

ಆಕೆ ಚೀಟಿಯನ್ನು ಬಹಳ ಹೊತ್ತು ಓದುತ್ತಾರೆ. ‘ಅವಳಿಗೆ’ ಎಂದಿರುವ ಮೂರು ಕಡೆಯೂ ಬೆರಳಿಟ್ಟು ನೋಡುತ್ತಾರೆ. ಆಮೇಲೆ ತಲೆ ಎತ್ತುತ್ತಾರೆ.

“ಆರು ವರ್ಷ ಅಕ್ಕಾ. ಆ ಡ್ರಾಯರ್ ತೆಗೆದಾಗೆಲ್ಲ ನನ್ನ ಕೆನ್ನೆಗೆ ನಾನೇ ಹೊಡ್ಕೊಂಡಿದ್ದೀನಿ. ನೀವು ಇಲ್ಲೇ ಕೂತಿದ್ರಿ.”

ಮುಂದೆ ಅವರು ಹೇಳಿದ್ದನ್ನು ಬರೆಯುವುದು ಸಭ್ಯತೆಯಲ್ಲ. ಅಕ್ಕನ ಜನ್ಮ ಜಾಲಾಡಿದರು ಎಂದರೆ ಸಾಕು. ಸುರಂಗದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುತ್ತಾರೆ. ಕೊನೆಗೆ ಆಕೆ ಚೀಟಿಯನ್ನೂ ನಾಲ್ಕನೇ ನಂಬರನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಹೊಸ ಫೋನಿನ ಮಾತೇ ಎತ್ತದೆ ಹೊರಟುಹೋಗುತ್ತಾರೆ.

ಅಕ್ಕ ಕಣ್ಣೊರೆಸಿಕೊಂಡು ಆಕೆಯ ಚೀಟಿಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಒದ್ದೆ ಕೈಗೂ ಓಗೊಡುವ, ಯಂತ್ರದ ಗದ್ದಲದಲ್ಲೂ ಕೇಳುವ ಗಟ್ಟಿ ದನಿಯ ಒಂದು ಸೆಟ್ಟನ್ನು ಆರಿಸಿ, ಮೇಲೊಂದು ಕಾಗದ ಅಂಟಿಸಿ ಪಕ್ಕಕ್ಕೆ ಇಡುತ್ತಾರೆ. ಆಕೆ ಮತ್ತೆ ಬರದಿದ್ದರೆ ಎಂದು ನಾನು ಕೇಳುತ್ತೇನೆ.

“ಬರ್ಲೇಬೇಕು ಅಂತೇನಿಲ್ಲ. ಬೈದು ಹೋದ್ರಲ್ಲ, ನನಗೆ ಅಷ್ಟು ಸಾಕು” ಎನ್ನುತ್ತಾರೆ ಅಳತೆ ಅಕ್ಕ. “ಆರು ವರ್ಷ ಅವರನ್ನ ಅವರೇ ಬೈಕೊಂಡ್ರು. ಇನ್ಮೇಲೆ ನನ್ನ ಬೈತಾರೆ.”