ಗುಡ್ಡದ ಅಂಚು

ಕೈಮಗ್ಗದ ಸೀರೆಗಳ ಚಿತ್ತಾರವನ್ನು ತಾಮ್ರದ ತಗಡಿನಲ್ಲಿ ಕೊರೆದು ಲ್ಯಾಂಪ್ ಮಾಡುವುದು ನನ್ನ ಕಸುಬು. ಇದಕ್ಕೆಂದೇ ವಿಶ್ವವಿದ್ಯಾಲಯದಲ್ಲಿ ಓದಿದೆ. ಅಲ್ಲಿಂದ ಉಳಿದುಕೊಂಡದ್ದು ಯಾರು ಏನು ಹೇಳಿದರೂ ಆಧಾರ ಕೇಳುವ ಚಟ.

ಈ ವರ್ಷ ತೀರ್ಥಹಳ್ಳಿಯ ಒಂದು ಹೋಮ್‌ಸ್ಟೇಗೆ ಮಾಡಿಕೊಟ್ಟ ಲ್ಯಾಂಪುಗಳಲ್ಲಿ ಸಾಲು ಗುಡ್ಡಗಳಿದ್ದವು. ಅಮ್ಮನ ಹಸಿರು ನೂಲಿನ ಸೀರೆಯ ಕೆಂಪು ಅಂಚು ಅದು. ಅಮ್ಮನೂ ಇಲ್ಲ, ಸೀರೆಯೂ ಇಲ್ಲ, ನೆನಪಿನಿಂದಲೇ ಬರೆದುಕೊಂಡೆ. ಪ್ರತಿ ಲ್ಯಾಂಪಿನ ಜೊತೆಗೊಂದು ಕಾರ್ಡ್: 'ನನ್ನ ಅಮ್ಮನ ಸೀರೆಯ ಗುಡ್ಡದ ಅಂಚು.' ಹೋಮ್‌ಸ್ಟೇ ಮಾಲೀಕರು ಲ್ಯಾಂಪಿಗಿಂತ ಕಾರ್ಡನ್ನೇ ಹೆಚ್ಚು ಮೆಚ್ಚಿಕೊಂಡರು.

ಅಂಥದೇ ಒಂದು ಲ್ಯಾಂಪನ್ನು, ಕಾರ್ಡಿನ ಸಮೇತ, ರಿಪ್ಪನ್‌ಪೇಟೆಯಲ್ಲಿರುವ ಅಕ್ಕನಿಗೆ ಒಯ್ದೆ. ಪ್ರೀತಿಯಿಂದಲ್ಲ. ನಮ್ಮಿಬ್ಬರಿಗೂ ಮೊದಲಿನಿಂದ ಸರಿಬಂದಿಲ್ಲ. ಅವಳ ಬಾಯಿ ಒಮ್ಮೆ ಕಟ್ಟುವುದನ್ನು ನೋಡಬೇಕಿತ್ತು.

ಅವಳು ಕಾರ್ಡ್ ಓದಿದಳು. "ಯಾರ ಅಮ್ಮಂದು ಇದು?"

"ನಮಗಿದ್ದಿದ್ದು ಒಬ್ಳೇ ಅಲ್ವಾ?"

"ನಮ್ಮಮ್ಮ ಗುಡ್ಡ ಉಟ್ಕೊಂಡು ಓಡಾಡಿದ್ದು ನಾನಂತೂ ನೋಡಿಲ್ಲ ಮಾರಾಯ. ಆ ಸೀರೆಗಿದ್ದಿದ್ದು ರುದ್ರಾಕ್ಷಿ ಅಂಚು. ಉರುಟು ಉರುಟು ರುದ್ರಾಕ್ಷಿ."

"ಅಲ್ಲ. ಅರ್ಧ ಉರುಟು. ನನಗೆ ಸರಿಯಾಗಿ ನೆನಪಿದೆ."

"ಎಲ್ಲಿ ನೋಡಿದ್ದು ನೀನು? ಅಮ್ಮನ ಮೈಮೇಲಾ?"

ಉತ್ತರಿಸಲು ಬಾಯಿ ತೆರೆದೆ. ಅಂಚು ಕಂಡಿತು, ಅಮ್ಮ ಕಾಣಲಿಲ್ಲ. ಕಂಡದ್ದು ಅಡಿಕೆ ಮರ, ಅದಕ್ಕೆ ಸುತ್ತಿ ಗಂಟು ಹಾಕಿದ ಕೆಂಪು ಪಟ್ಟಿ.

ಸೀರೆ ಹಳತಾದರೆ ನಮ್ಮ ಕಡೆ ಅಂಚು ಹರಿದು ಕಾಳುಮೆಣಸಿನ ಬಳ್ಳಿಯನ್ನು ಮರಕ್ಕೆ ಕಟ್ಟುತ್ತಾರೆ. ಸೀರೆಯ ಒಡಲಿಗಿಂತ ಅಂಚು ಗಟ್ಟಿ. ಅಗಲವಾಗಿದ್ದರೆ ಉದ್ದಕ್ಕೆ ಸೀಳಿ ಎರಡು ಮಾಡುತ್ತಾರೆ. ರುದ್ರಾಕ್ಷಿಯ ಸಾಲನ್ನು ನಡುವೆ ಸೀಳಿದರೆ ಸಿಗುವುದು ಸಾಲು ಗುಡ್ಡ.

"ತೋಟದಲ್ಲಿ..." ಎಂದು ಬಾಯಿಂದ ಬಂದೇಬಿಟ್ಟಿತು. ಅಷ್ಟಕ್ಕೇ ಅವಳಿಗೆ ತಿಳಿಯಿತು. "ಬಳ್ಳಿ ಕಟ್ಟಿದ ಚಿಂದಿ ನೋಡ್ಕೊಂಡು ಅಮ್ಮ ಅಂತ ಬರ್ದಿದೀಯಲ್ಲೋ!"

"ನಿನ್ನ ನೆನಪೇ ಸರಿ ಅನ್ನೋಕೆ ಎಂತ ಗ್ಯಾರಂಟಿ?"

"ಆ ಸೀರೆ ಒಗೀತಿದ್ದೋಳು ನಾನು. ನೀನು ಓದ್ತಾ ಕೂತಿರ್ತಿದ್ದೆ. ಅಮ್ಮನ್ನ ಅದ್ರಿಂದ ತೆಗಿ. ಗುಡ್ಡನಾದ್ರೂ ಮಾರು, ಹೊಳೆನಾದ್ರೂ ಮಾರು, ಅವಳನ್ನ ಮಾರಬೇಡ."

ಕಾಫಿಯನ್ನೂ ಕುಡಿಯದೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮ್ಮನಿಗೆ ಆ ಹಸಿರು ಸೀರೆ ಉಡಿಸಲು ನೋಡಿದೆ. ಬಂದವಳು ಪ್ರತಿ ಸಲವೂ ಗೋಡೆಯ ಫೋಟೋದಲ್ಲಿರುವ ರೇಷ್ಮೆ ಸೀರೆಯಲ್ಲೇ ಬಂದಳು. ಅಕ್ಕನ ಮಾತಿಗೂ ಆಧಾರವಿಲ್ಲ, ನಿಜ. ಆದರೆ ಅವಳ ನೆನಪಿನಲ್ಲಿ ಸೀರೆಯೊಳಗೆ ಅಮ್ಮ ಇದ್ದಳು.

ತೀರ್ಥಹಳ್ಳಿಗೆ ಹೋಗಿ ಕಾರ್ಡುಗಳನ್ನು ವಾಪಸು ಕೇಳಿದೆ.

"ಕಾರ್ಡ್ ಇಲ್ದಿದ್ರೆ ಇದೆಂತ ಸಾರ್, ತೂತು ತಗಡು," ಎಂದರು ಮಾಲೀಕರು. "ಗೆಸ್ಟುಗಳು ಫೋಟೋ ಹೊಡೆಯೋದೇ ಕಾರ್ಡಿಂದು. ಇರ್ಲಿ ಬಿಡಿ, ಯಾರು ನಿಮ್ಮಮ್ಮನ್ನ ಕೇಳೋಕೆ ಹೋಗ್ತಾರೆ?"

"ಕಾರ್ಡ್ ಕೊಡಿ."

"ಹಂಗಾದ್ರೆ ಲ್ಯಾಂಪೂ ಇಳಿಸ್ಕೊಂಡು ಹೋಗಿ."

ಏಣಿ ಹತ್ತಿ ಒಂದೊಂದಾಗಿ ಇಳಿಸಿದೆ. ಅವರು ಏಣಿ ಹಿಡಿಯಲೂ ಬರಲಿಲ್ಲ. ರಸ್ತೆಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ.

"ಕಾರ್ಡ್ ತೆಗೆದೆ. ಲ್ಯಾಂಪೂ ಬೇಡ ಅಂದ್ರು."

ಆ ಕಡೆ ಕುಕ್ಕರ್ ಕೂಗುತ್ತಿತ್ತು.

"ಆ ನಷ್ಟನ ನನ್ನ ತಲೆಗೆ ಕಟ್ಬೇಡ," ಎಂದು ಫೋನ್ ಇಟ್ಟಳು.